ಓಟಕ್ಕೂ ಅನಧ್ಯಾಯ

ಈ ಸಲ ವ್ಯಾಯಾಮಶಿಕ್ಷಣದ ವಿಷಯವಾಗಿ ಬರೆಯುವೆನೆಂದು ನಮ್ಮ ಸಂಘದ ಸಂಜೆಯ ಗೋಷ್ಠಿಯಲ್ಲಿ ತಿಳಿಸಿದಾಗ ಮಿತ್ರರೆಲ್ಲರೂ ನಕ್ಕರು. ನಗುವುದು ಸಹಜವೇ. ಶಬ್ದಮಂಜರಿಯನ್ನೂ ಅಮರಕೋಶವನ್ನೂ ಹುಡುಗರಿಂದ ಬಾಯಿಪಾಠ ಮಾಡಿಸುವುದರಲ್ಲಿ ಮೂವತ್ತೈದು ವರ್ಷ ಸವೆಸಿದವನು, ಈಗ ಮೊಣಕಾಲು ಹಿಡಿದುಕೊಂಡು ಗ್ರಂಥಾಲಯದ ಮೆಟ್ಟಿಲು ಹತ್ತುವವನು. ಇವನಿಗೂ ಓಟಕ್ಕೂ ಎತ್ತಣ ಸಂಬಂಧ? "ನಿಮ್ಮ ಓಟವೆಲ್ಲ ಬಸ್ಸು ಹಿಡಿಯುವುದಕ್ಕಲ್ಲವೆ?" ಎಂದು ಒಬ್ಬರು ಕೇಳಿದರು. ಆ ಓಟವೂ ಈಗ ನಿಂತುಹೋಯಿತೆಂದು ಉತ್ತರ ಹೇಳಿದೆನು. ಆದರೂ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವುದಕ್ಕೆ ನನಗೊಂದು ಅಧಿಕಾರವುಂಟು. ತಪ್ಪು ಮಾಡಿ, ಅದರ ಬೆಲೆಯನ್ನು ಮತ್ತೊಬ್ಬರು ತೆತ್ತುದನ್ನು ಕಣ್ಣಾರೆ ಕಂಡವನ ಅಧಿಕಾರವದು.

ಹೋದ ವರ್ಷದ ಯುಗಾದಿ ಕಳೆದ ಮೂರನೆಯ ದಿನ, ನೆರೆಮನೆಯ ಹುಡುಗಿಯೊಬ್ಬಳು ರೂಲು ಹಾಕಿದ ನೋಟುಪುಸ್ತಕವನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ಎಂಟನೆಯ ತರಗತಿಯನ್ನು ಮುಗಿಸಿ ಒಂಬತ್ತಕ್ಕೆ ಹೋಗುವವಳು. ಹದಿನಾಲ್ಕು ವರ್ಷ ವಯಸ್ಸು. ಶಾಲೆಯ ಕ್ರೀಡಾಕೂಟದಲ್ಲಿ ೮೦೦ ಮೀಟರ್ ಓಟದಲ್ಲಿ ಮೊದಲನೆಯವಳಾಗಿದ್ದಳು. ಇನ್ನು ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆಂಬುದು ಅವಳ ಮನೋರಥ. "ತಾತ, ಪರೀಕ್ಷೆಗೆ ಟೈಂಟೇಬಲ್ ಹಾಕಿಕೊಟ್ಟಿರಲ್ಲ, ಹಾಗೇ ಓಟಕ್ಕೂ ಒಂದು ಹಾಕಿಕೊಡಿ. ಒಂದು ದಿನವೂ ತಪ್ಪಿಸೋದಿಲ್ಲ" ಎಂದಳು.

ಆ ಕೊನೆಯ ಮಾತನ್ನು ಕೇಳಿ ನನ್ನ ಕೈಯಲ್ಲಿದ್ದ ಲೇಖನಿ ನಿಂತಿತು. ಮೂವತ್ತು ವರ್ಷಗಳ ಕೆಳಗೆ ಇದೇ ಮಾತನ್ನು ಒಬ್ಬ ಹುಡುಗನು ನನಗೆ ಹೇಳಿದ್ದನು, ಹೇಳಿದಂತೆಯೇ ನಡೆದುಕೊಂಡಿದ್ದನು.

ಅದು ೧೯೯೪ನೆಯ ಇಸವಿ. ಆಗ ನಾನು ಒಂದು ಪ್ರೌಢಶಾಲೆಯಲ್ಲಿ ಕನ್ನಡ ಸಂಸ್ಕೃತಗಳ ಅಧ್ಯಾಪಕನಾಗಿದ್ದೆನು. ವ್ಯಾಯಾಮದ ಅಧ್ಯಾಪಕರಿಗೆ ವರ್ಗವಾಗಿ ಅವರ ಸ್ಥಾನ ತೆರವಾಗಿತ್ತು. ಬಾಲ್ಯದಲ್ಲಿ ಎರಡು ವರ್ಷ ಗರಡಿಯ ಮಣ್ಣನ್ನು ಮೈಗೆ ಮೆತ್ತಿಕೊಂಡವನೆಂಬ ಒಂದೇ ಕಾರಣದಿಂದ ಮುಖ್ಯೋಪಾಧ್ಯಾಯರು ಆ ಕೆಲಸವನ್ನೂ ನನಗೆ ವಹಿಸಿ, ಸೀಟಿಯನ್ನು ನನ್ನ ಕೊರಳಿಗೆ ಹಾಕಿದರು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಇಟ್ಟಿಗೆಗೂಡಿನ ಕೂಲಿಯವನ ಮಗ. ದಿನವೂ ನಾಲ್ಕು ಮೈಲಿ ನಡೆದು ಶಾಲೆಗೆ ಬರುವವನು. ತಾಲ್ಲೂಕಿನ ಕೂಟದಲ್ಲಿ ೧೫೦೦ ಮೀಟರ್ ಓಟವನ್ನು, ಹಿಂದಿನವರು ಇನ್ನೂ ತಿರುವಿನಲ್ಲಿರುವಾಗಲೇ, ಮುಗಿಸಿ ಬಂದನು. ಜಿಲ್ಲೆಯ ಕೂಟಕ್ಕೆ ಎಂಟು ವಾರಗಳಿದ್ದುವು. ಆ ಎಂಟು ವಾರಗಳಿಗೆ ನಾನೊಂದು ವೇಳಾಪಟ್ಟಿಯನ್ನು ಬರೆದು ಕೊಠಡಿಯ ಗೋಡೆಗೆ ಅಂಟಿಸಿದೆನು. ಅಕ್ಷರ ಮುತ್ತಿನಂತಿತ್ತು. ಒಳಗಿದ್ದುದು ಮಾತ್ರ ಒಂದೇ ಸಂಗತಿ: ಬೆಳಿಗ್ಗೆ ಓಟ, ಸಂಜೆ ಓಟ, ಮರುದಿನ ಬೆಳಿಗ್ಗೆ ಓಟ, ಸಂಜೆ ಓಟ. ಭಾನುವಾರಕ್ಕೂ ಬಿಡುವಿರಲಿಲ್ಲ. ಸಂಜೆಯ ಓಟಕ್ಕೆ ಗಡಿಯಾರ ಹಿಡಿದು ನಿಲ್ಲುವೆನು. ನಿನ್ನೆಗಿಂತ ಇಂದು ಕಡಿಮೆಯಾಗಬೇಕು.

ಇದರ ಹಿಂದೆ ನನ್ನದೊಂದು ತರ್ಕವಿದ್ದಿತು. ವಿದ್ಯೆಯು ಆವೃತ್ತಿಯಿಂದ ಬರುವುದು. ಹತ್ತು ಸಲ ಹೇಳಿದ ಶ್ಲೋಕಕ್ಕಿಂತ ನೂರು ಸಲ ಹೇಳಿದ ಶ್ಲೋಕವು ಗಟ್ಟಿ. ಓಟವೂ ಕಾಲಿನ ಬಾಯಿಪಾಠವೇ ಅಲ್ಲವೆ? ಮೂರು ವಾರ ನನ್ನ ತರ್ಕವೇ ಗೆದ್ದಂತೆ ಕಂಡಿತು. ಗಡಿಯಾರದ ಲೆಕ್ಕ ದಿನದಿನಕ್ಕೂ ಇಳಿಯಿತು. ನಾಲ್ಕನೆಯ ವಾರ ಇಳಿಯುವುದು ನಿಂತಿತು. ನಾನು ಸುತ್ತುಗಳನ್ನು ಹೆಚ್ಚಿಸಿದೆನು. ಹುಡುಗನು ಪಾಠದ ವೇಳೆಯಲ್ಲಿ ತೂಕಡಿಸತೊಡಗಿದನು. ಮಧ್ಯಾಹ್ನದ ಬುತ್ತಿಯನ್ನು ಅರ್ಧ ಬಿಡುವನು. ನಗುಮುಖದವನು ಸಣ್ಣ ಮಾತಿಗೂ ಸಿಡುಕುವನು. ಮೊಣಕಾಲಿನ ಕೆಳಗೆ ಮುಂಗಾಲಿನ ಮೂಳೆ ನೋಯುತ್ತದೆಂದು ಒಂದು ದಿನ ಹೇಳಿದನು. ಎಳ್ಳೆಣ್ಣೆ ಕಾಯಿಸಿ ತಿಕ್ಕಿಕೊಳ್ಳೆಂದು ಹೇಳಿ, ನೋವಿಗೆ ಹೆದರುವವನು ಹೇಡಿಯೆಂಬರ್ಥದ ಒಂದು ಸುಭಾಷಿತವನ್ನೂ ಅವನಿಗೆ ದಯಪಾಲಿಸಿದೆನು. ಅವನು ಮತ್ತೆ ನೋವಿನ ಮಾತೆತ್ತಲಿಲ್ಲ. ಜಿಲ್ಲೆಯ ಕೂಟದಲ್ಲಿ ಮೂರನೆಯ ಸುತ್ತಿನ ನಡುವೆ ನಿಂತನು, ನಿಂತಲ್ಲಿಯೇ ಕುಳಿತನು. ಕಾಲಿನ ಮೂಳೆಯಲ್ಲಿ ಸೀಳು ಬಿಟ್ಟಿದೆಯೆಂದು ವೈದ್ಯರು ಹೇಳಿದರು. ಮೂಳೆ ಕೂಡಿತು, ಆದರೆ ಅವನು ಮತ್ತೆ ಸ್ಪರ್ಧೆಗೆ ಇಳಿಯಲಿಲ್ಲ. ಹತ್ತನೆಯ ತರಗತಿಯೊಂದಿಗೆ ಓದೂ ಮುಗಿಯಿತು. ನನ್ನನ್ನು ಅವನು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತೆಂದು ಎಷ್ಟೋ ಸಲ ಅನ್ನಿಸಿದೆ.

ವಾಚಕರೇ, ಅಜ್ಞಾನದಿಂದ ಮಾಡಿದ ತಪ್ಪಿಗೆ ಕ್ಷಮೆಯುಂಟು. ನನ್ನ ತಪ್ಪು ಅಜ್ಞಾನದ್ದಾಗಿರಲಿಲ್ಲವೆಂಬುದೇ ನನಗೆ ನಾಚಿಕೆಯ ವಿಷಯ. ನನಗೆ ಬೇಕಾಗಿದ್ದುದೆಲ್ಲವೂ ನಾನು ಓದಿದ ಪಾಠಗಳಲ್ಲಿಯೇ ಇದ್ದಿತು. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ, ಬಲಶಾಲಿಯೂ ಸ್ನಿಗ್ಧಾಹಾರವನ್ನು ಉಣ್ಣುವವನೂ ಆದವನು ಕೂಡ ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಎಂದು ವಿಧಿಸಿದ್ದಾನೆ. ಅರ್ಧಶಕ್ತಿಯೆಂಬುದನ್ನು ಅಳೆಯುವುದು ಹೇಗೆ? ಎದೆಯಲ್ಲಿರಬೇಕಾದ ಉಸಿರು ಬಾಯಿಗೆ ಬಂದಾಗ ಅರ್ಧಬಲ ವ್ಯಯವಾಯಿತೆಂದು ತಿಳಿಯಬೇಕೆಂಬುದು ಸುಶ್ರುತನ ಲಕ್ಷಣ. ಓಡುತ್ತ ಓಡುತ್ತ ಪಕ್ಕದವರೊಡನೆ ಮಾತನಾಡಲು ಸಾಧ್ಯವಾದರೆ ಅದು ಹಗುರವಾದ ಓಟ, ಮಾತು ತುಂಡಾದರೆ ಕಠಿನವಾದ ಓಟ ಎಂದು ಇಂದಿನ ವ್ಯಾಯಾಮಶಾಸ್ತ್ರಜ್ಞರು ಹೇಳುವುದೂ ಹೆಚ್ಚು ಕಡಿಮೆ ಇದೇ ಅಳತೆ. ಮಿತಿಮೀರಿ ಸಾಹಸ ಮಾಡುವವನು, ಆನೆಯನ್ನು ಎಳೆಯಹೋದ ಸಿಂಹದಂತೆ ತಾನೇ ನಾಶವಾಗುವನೆಂದು ವಾಗ್ಭಟನು ಎಚ್ಚರಿಸಿದ್ದಾನೆ. ಈ ಉಪಮೆಯ ಸೊಗಸನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೆನೋ! ಸಂಜೆ ಮೈದಾನಕ್ಕೆ ಹೋದೊಡನೆ ಮರೆಯುತ್ತಿದ್ದೆನು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಅರ್ಧಶಕ್ತಿಯ ನಿಯಮವು ಆರೋಗ್ಯವನ್ನು ಬಯಸುವ ಗೃಹಸ್ಥನಿಗೆ ಹೇಳಿದ್ದು. ಸ್ಪರ್ಧೆಗೆ ನಿಲ್ಲುವವನು ಆ ಗೆರೆಯನ್ನು ಆಗಾಗ್ಗೆ ದಾಟಲೇಬೇಕು; ದಾಟದೆ ಬಲ ಬೆಳೆಯದು. ಆದಕಾರಣ ಎಷ್ಟು ದಿನಕ್ಕೊಮ್ಮೆ ದಾಟಬೇಕು, ದಾಟಿದ ಮೇಲೆ ಏನು ಮಾಡಬೇಕು ಎಂಬುದೇ ಶಿಕ್ಷಣದ ಮರ್ಮ. ಈ ಮರ್ಮಕ್ಕೂ ನಮ್ಮ ಪಾಠಶಾಲೆಯಲ್ಲಿ ಒಂದು ಹೆಸರಿದ್ದಿತು: ಅನಧ್ಯಾಯ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಂದು ಪಾಠವಿಲ್ಲ. ಪಾಡ್ಯದ ದಿನ ಓದಿದವನ ವಿದ್ಯೆ ಬೆಳೆಯುವುದಿರಲಿ, ದಿನದಿನಕ್ಕೂ ಸೊರಗುವುದೆಂದು ಹಿರಿಯರು ನಂಬಿದ್ದರು. ಪಂಚಾಂಗ ನೋಡಿ ಅನಧ್ಯಾಯದ ದಿನಗಳನ್ನು ಬೆರಳೆಣಿಸಿ ಕಾದಿದ್ದವನು ನಾನು. ಆ ದಿನಗಳಲ್ಲಿಯೇ ಹಿಂದಿನ ಪಾಠವು ತಾನಾಗಿ ಮನಸ್ಸಿನಲ್ಲಿ ತಳವೂರುತ್ತಿದ್ದುದನ್ನು ಬಲ್ಲವನು ನಾನು. ಅಂಥವನು ಎಂಟು ವಾರಗಳಲ್ಲಿ ಒಬ್ಬ ಬೆಳೆಯುವ ಹುಡುಗನಿಗೆ ಒಂದೇ ಒಂದು ಅನಧ್ಯಾಯವನ್ನೂ ಕೊಡಲಿಲ್ಲ.

ಆವೃತ್ತಿಯ ವಿಷಯದಲ್ಲಿಯೂ ನಾನು ಎಡವಿದ್ದೆನು. ವೇದಾಧ್ಯಯನದಲ್ಲಿ ಒಂದೇ ಮಂತ್ರವನ್ನು ಪದ, ಕ್ರಮ, ಜಟಾ, ಘನ ಎಂದು ಬೇರೆ ಬೇರೆ ಹೆಣಿಗೆಯಲ್ಲಿ ಹೇಳಿಸುತ್ತಾರೆ. ಒಂದೇ ಜಾಡಿನಲ್ಲಿ ನಾಲಗೆಯನ್ನು ಸವೆಸುವುದಿಲ್ಲ. ನಮ್ಮ ಮಲ್ಲವಿದ್ಯೆಯಲ್ಲಿಯೂ ಹಾಗೆಯೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವೊಂದುಂಟು. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವಿಂಗಡಿಸಿ, ಅವರು ಮಾಡಬೇಕಾದ ಸಾಧನೆಯನ್ನೂ ಉಣ್ಣಬೇಕಾದ ಆಹಾರವನ್ನೂ ಅಲ್ಲಿ ಹೇಳಿದೆ. ಭೂಲೋಕಮಲ್ಲನೆಂದು ಬಿರುದಾಂತನಾದ ಅರಸನಿಗೆ, ಎಲ್ಲ ಮಲ್ಲರಿಗೂ ಒಂದೇ ಅಳತೆ ಸಲ್ಲದೆಂಬುದು ತಿಳಿದಿತ್ತು. ಜ್ಯೇಷ್ಠೀಮಲ್ಲರ ಪರಂಪರೆಗೆ ಸೇರಿದ ಮಲ್ಲಪುರಾಣದಲ್ಲಿ, ಅಖಾಡದ ಹೋರಾಟದ ಜೊತೆಗೆ ಕಂಬದ ಮೇಲಿನ ಸಾಧನೆ, ನೀರಿನಲ್ಲಿ ಮಾಡುವ ಶ್ರಮ, ಮೆಟ್ಟಿಲು ಹತ್ತುವುದು, ಊಟವಾದ ಮೇಲಿನ ನಡಿಗೆ ಮೊದಲಾದ ನಾನಾ ಬಗೆಯ ಶ್ರಮಗಳನ್ನೂ, ಯಾವ ಋತುವಿನಲ್ಲಿ ಯಾವ ಆಹಾರವೆಂಬುದನ್ನೂ ವಿವರಿಸಿದೆ. ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ ವಜ್ರಮುಷ್ಟಿಯ ಕಾಳಗ ಮಾಡುವ ಜೆಟ್ಟಿಗಳು ಈ ಪರಂಪರೆಯವರೇ.

ಗ್ರಂಥಗಳ ಮಾತು ಅಂತಿರಲಿ. ನಾನು ಬಾಲ್ಯದಲ್ಲಿ ಹೋಗುತ್ತಿದ್ದ ಗರಡಿಯ ಉಸ್ತಾದರಿಗೆ ಅಕ್ಷರಜ್ಞಾನವಿರಲಿಲ್ಲ. ಬೆಳಗಿನ ಜಾವ ಹುಡುಗರು ಒಬ್ಬೊಬ್ಬರಾಗಿ ತಲೆಬಾಗಿ ಒಳಗೆ ಬರುವಾಗ ಅವರು ದೀಪದ ಬೆಳಕಿನಲ್ಲಿ ಪ್ರತಿಯೊಬ್ಬನ ಮುಖವನ್ನೂ ನೋಡುವರು. ಒಬ್ಬನಿಗೆ, "ನೀನು ಇನ್ನೂರು ಬಸ್ಕಿ ಹೊಡಿ" ಎನ್ನುವರು. ಮತ್ತೊಬ್ಬನಿಗೆ ಗದೆ. ಮಗುದೊಬ್ಬನಿಗೆ, "ಕಣ್ಣು ಇಂಗೋಗದೆ, ಇವತ್ತು ಕುಸ್ತಿ ಬೇಡ, ಮಣ್ಣು ಅಗೆದು ಹದ ಮಾಡು ಸಾಕು" ಎನ್ನುವರು. ಜ್ವರ ಬಿಟ್ಟೆದ್ದವನಿಗೆ ಬರಿದೇ ಕುಳಿತು ನೋಡುವ ಪಾಠ. ಗೋಡೆಯ ಮೇಲೆ ಆಂಜನೇಯನ ಪಟವೊಂದು ವಿನಾ ಯಾವ ಪಟ್ಟಿಯೂ ಇರಲಿಲ್ಲ. ಅವರ ಪಟ್ಟಿ ಹುಡುಗರ ಮುಖದಲ್ಲಿಯೇ ಬರೆದಿರುತ್ತಿತ್ತು. ಅದನ್ನು ದಿನವೂ ಹೊಸದಾಗಿ ಓದಿಕೊಳ್ಳುತ್ತಿದ್ದರು. ಅಕ್ಷರ ಬಲ್ಲ ನಾನು ಗೋಡೆಯ ಪಟ್ಟಿಯನ್ನು ಓದಿದೆನು, ಮುಖವನ್ನು ಓದಲಿಲ್ಲ.

ಇಂಥ ತಪ್ಪನ್ನು ಮಾಡಿದವರಲ್ಲಿ ನಾನೇ ಮೊದಲಿಗನಲ್ಲವೆಂಬುದು ನಿವೃತ್ತನಾದ ಮೇಲೆ ಓದಿದ ಒಂದು ಪುಸ್ತಕದಿಂದ ತಿಳಿಯಿತು. ಗ್ರೀಕರಲ್ಲಿ ಫಿಲೋಸ್ಟ್ರಾಟಸನೆಂಬ ಲೇಖಕನು ಕ್ರಿ. ಶ. ೩ನೆಯ ಶತಮಾನದಲ್ಲಿ ವ್ಯಾಯಾಮಶಿಕ್ಷಣದ ಮೇಲೆ ಒಂದು ಗ್ರಂಥವನ್ನು ಬರೆದನು. ಆ ಕಾಲದ ಶಿಕ್ಷಕರು ನಾಲ್ಕು ದಿನಗಳ ಒಂದು ಚಕ್ರವನ್ನು ಅನುಸರಿಸುತ್ತಿದ್ದರು. ಮೊದಲನೆಯ ದಿನ ಚುರುಕಾದ ಸಿದ್ಧತೆ, ಎರಡನೆಯ ದಿನ ಪೂರ್ಣಶಕ್ತಿಯ ಶ್ರಮ, ಮೂರನೆಯ ದಿನ ವಿಶ್ರಾಂತಿ, ನಾಲ್ಕನೆಯ ದಿನ ಮಧ್ಯಮ ಪ್ರಮಾಣದ ಸಾಧನೆ. ನೋಡುವುದಕ್ಕೆ ಎಷ್ಟು ಜಾಣತನದ ಏರ್ಪಾಡು! ನನ್ನ ಗೋಡೆಯ ಪಟ್ಟಿಗಿಂತ ನೂರು ಪಾಲು ಮೇಲು. ಆದರೆ ಗೆರೆನಸನೆಂಬ ಜಟ್ಟಿಯು ಒಲಿಂಪಿಯದಲ್ಲಿ ಗೆದ್ದು, ಗೆಲುವಿನ ಸಂತೋಷದಲ್ಲಿ ಗೆಳೆಯರೊಡನೆ ಔತಣ ಪಾನಗಳಲ್ಲಿ ನಿದ್ದೆಗೆಟ್ಟು, ಮರುದಿನ ಮೈ ಸರಿಯಿಲ್ಲವೆಂದು ಶಿಕ್ಷಕನಲ್ಲಿ ಹೇಳಿಕೊಂಡನಂತೆ. ಚಕ್ರ ತಪ್ಪುವುದೆಂದು ಶಿಕ್ಷಕನು ಕೆರಳಿ, ಆ ದಿನದ ಶ್ರಮವನ್ನು ಬಲವಂತವಾಗಿ ಮಾಡಿಸಿದನು. ಗೆರೆನಸನು ಸಾಧನೆಯ ನಡುವೆಯೇ ಪ್ರಾಣಬಿಟ್ಟನು. ಶಿಕ್ಷಕನು ತಿಳಿಗೇಡಿಯಾದರೆ ಒಳ್ಳೆಯ ಕ್ರಮವೂ ಕೊಲ್ಲುವುದೆಂಬುದಕ್ಕೆ ಫಿಲೋಸ್ಟ್ರಾಟಸನು ಈ ಕಥೆಯನ್ನು ಹೇಳಿದ್ದಾನೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಚಿನ ವಿಜ್ಞಾನವು ಹೇಳುವುದನ್ನೂ ಸಂಕ್ಷೇಪವಾಗಿ ಹೇಳಿಬಿಡುವೆನು. ೧೯೩೬ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯು, ಶರೀರವು ಯಾವುದೇ ಪೀಡೆಗೆ ಮೊದಲು ಬೆಚ್ಚುವುದು, ಬಳಿಕ ಎದುರಿಸಿ ನಿಲ್ಲುವುದು, ಪೀಡೆ ಬಿಡದಿದ್ದರೆ ಕಡೆಗೆ ಸೋಲುವುದು ಎಂಬ ಕ್ರಮವನ್ನು ತೋರಿಸಿದನು. ವ್ಯಾಯಾಮವೂ ಒಂದು ಪೀಡೆಯೇ. ಶ್ರಮದಲ್ಲಿ ಮೈ ಕೊಂಚ ಕೆಡುವುದು. ವಿಶ್ರಾಂತಿಯಲ್ಲಿ, ಮೊದಲಿಗಿಂತ ಒಂದು ಎಳೆ ಹೆಚ್ಚಾಗಿ, ತನ್ನನ್ನು ತಾನು ಕಟ್ಟಿಕೊಳ್ಳುವುದು. ಬಲ ಬರುವುದು ವಿಶ್ರಾಂತಿಯಲ್ಲಿ. ಮಾಂಸವು ಒಂದೆರಡು ದಿನಗಳಲ್ಲಿ ಸುಧಾರಿಸಿಕೊಳ್ಳುವುದು. ಮೂಳೆಗೆ ಅಷ್ಟು ಆತುರವಿಲ್ಲ. ಅದು ಹಳೆಯ ಗೋಡೆಯನ್ನು ಮೊದಲು ಕೆಡವಿ ಆಮೇಲೆ ಹೊಸದನ್ನು ಕಟ್ಟುವ ಗಾರೆಯವನಂತೆ. ಕೆಡವುವುದು ವಾರಗಳ ಕೆಲಸ, ಕಟ್ಟಿ ಗಟ್ಟಿಯಾಗುವುದು ತಿಂಗಳುಗಳ ಕೆಲಸ. ಗೋಡೆ ಹಸಿಯಿರುವಾಗಲೇ ಮೇಲೆ ಮಾಳಿಗೆಯ ಭಾರ ಹೇರಿದವನು ನಾನು. ಮುಂದೆ ೧೯೬೦ರ ದಶಕದಲ್ಲಿ ರಷ್ಯದ ಮಾತ್ವೆಯೆವ್ ಎಂಬ ವಿದ್ವಾಂಸನು, ವರ್ಷವನ್ನು ಸಿದ್ಧತೆ, ಸ್ಪರ್ಧೆ, ವಿಶ್ರಾಂತಿ ಎಂಬ ಕಾಲಗಳಾಗಿ ವಿಭಾಗಿಸಿ, ಭಾರವನ್ನು ಅಲೆಯಂತೆ ಏರಿಸಿ ಇಳಿಸುವ ಪದ್ಧತಿಯನ್ನು ಶಾಸ್ತ್ರಬದ್ಧವಾಗಿ ನಿರೂಪಿಸಿದನು. ರೈತನು ಬಿತ್ತನೆ, ಕಳೆ, ಸುಗ್ಗಿ, ಬೀಳು ಎಂದು ಹೊಲವನ್ನು ನಡೆಸಿಕೊಳ್ಳುವ ರೀತಿಗಿಂತ ಇದು ಬಹಳ ಬೇರೆಯೇನೂ ಅಲ್ಲ.

ಇಷ್ಟನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಆ ಹುಡುಗಿಗೆ ಒಂದು ಕ್ರಮವನ್ನು ಬರೆದೆನು. ಈ ಸಲ ಒಬ್ಬನೇ ಬರೆಯಲಿಲ್ಲ. ಅವಳ ಶಾಲೆಯ ವ್ಯಾಯಾಮದ ಅಧ್ಯಾಪಿಕೆಯವರಲ್ಲಿಗೆ ಒಯ್ದೆನು. ಮೂವತ್ತೈದು ವರ್ಷ ಇತರರ ಬರಹವನ್ನು ತಿದ್ದಿದವನ ಹಾಳೆಯ ಮೇಲೆ ಆ ತಾಯಿ ನಿರ್ದಾಕ್ಷಿಣ್ಯವಾಗಿ ಕೆಂಪು ಶಾಯಿ ಹರಿಸಿದರು. "ಮೇಷ್ಟ್ರೇ, ಆರು ದಿನವೂ ಓಟವೇ ಬರೆದಿದ್ದೀರಿ. ಮಗು ಕಾಲಿನಿಂದ ಮಾತ್ರ ಓಡುತ್ತಾಳೆಯೆ?" ಎಂದರು. ೮೦೦ ಮೀಟರ್ ಓಟವು ವಿಚಿತ್ರವಾದದ್ದಂತೆ. ಅದಕ್ಕೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಉಸಿರಿನ ದಮ್ಮಿನಿಂದ ಬರುವುದು, ಉಳಿದದ್ದು ವೇಗದವರ ಬಲದಿಂದ. ಆದ್ದರಿಂದ ದಮ್ಮು, ವೇಗ, ಬಲ, ಮೈಯ ಬಾಗುವಿಕೆ, ಓಡುವ ಚಾತುರ್ಯ, ಈ ಐದನ್ನೂ ಪಂಚಪಾಂಡವರಂತೆ ಒಟ್ಟಿಗೆ ನಡೆಸಬೇಕು.

ಕಡೆಗೆ ನಿಂತ ಏರ್ಪಾಡು ಹೀಗಿತ್ತು. ಸೋಮವಾರ ಮಾತನಾಡುತ್ತ ಓಡುವಷ್ಟು ಮೆಲ್ಲನೆ ೨೫ ನಿಮಿಷದ ಓಟ. ಅನಂತರ ಬಸ್ಕಿ, ದಂಡ, ಮರದ ಕೊಂಬೆಗೆ ಜೋತಾಡುವುದು. ಮಂಗಳವಾರ ೨೦೦ ಮೀಟರಿನ ವೇಗದ ಓಟ ಆರು ಸಲ, ನಡುನಡುವೆ ಉಸಿರು ಪೂರ್ಣವಾಗಿ ಮರಳುವವರೆಗೆ ನಡಿಗೆ. ಬುಧವಾರ ಖೋ ಖೋ, ಅಥವಾ ಅಪ್ಪನ ಕಾವಲಿನಲ್ಲಿ ಈಜು; ಆಟಕ್ಕೆ ಗಡಿಯಾರವಿಲ್ಲ. ಗುರುವಾರ ಊರ ಹೊರಗಿನ ದಿಣ್ಣೆಯನ್ನು ಓಡಿ ಹತ್ತಿ ನಡೆದಿಳಿಯುವುದು ಎಂಟು ಸಲ. ಶುಕ್ರವಾರ ಮತ್ತೆ ಬಸ್ಕಿ ದಂಡಗಳು, ಮೈಬಾಗಿಸುವ ಆಸನಗಳು. ಶನಿವಾರ ಕೆರೆಯೇರಿಯ ಮಣ್ಣಿನ ದಾರಿಯಲ್ಲಿ ೪೦ ನಿಮಿಷದ ಮೆಲು ಓಟ. ಭಾನುವಾರ ಅನಧ್ಯಾಯ. ಕಠಿನವಾದ ದಿನಗಳು ವಾರಕ್ಕೆ ಎರಡೇ, ಅವೂ ಒಂದಕ್ಕೊಂದು ತಾಗುವಂತಿಲ್ಲ. ಮೂರು ವಾರ ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸಿದರೆ ನಾಲ್ಕನೆಯ ವಾರ ಮೂರರಲ್ಲಿ ಒಂದು ಪಾಲು ಇಳಿಸಬೇಕು. ಇಪ್ಪತ್ತು ವಾರಗಳಲ್ಲಿ ಮೊದಲ ಎಂಟು ತಳಪಾಯಕ್ಕೆ, ಮುಂದಿನ ಏಳು ವೇಗಕ್ಕೆ, ಕೊನೆಯ ಐದು ಸ್ಪರ್ಧೆಯ ಹದಕ್ಕೆ. ಕೂಟದ ಹಿಂದಿನ ಹತ್ತು ದಿನ ಓಟದ ಮೊತ್ತವನ್ನು ತಗ್ಗಿಸಿ ವೇಗವನ್ನು ಮಾತ್ರ ಉಳಿಸಿಕೊಳ್ಳಬೇಕು.

ಊಟದ ಮಾತನ್ನು ಹುಡುಗಿಯ ಅಜ್ಜಿಯೊಡನೆ ಅಧ್ಯಾಪಿಕೆಯವರೇ ಆಡಿದರು. ದುಬಾರಿಯ ಪುಡಿಗಳೇನೂ ಬೇಕಿಲ್ಲ. ರಾಗಿಮುದ್ದೆ, ಬೇಳೆ, ಸೊಪ್ಪು, ಮೊಳಕೆಯ ಕಾಳು, ಕಡಲೆಕಾಯಿ, ಹಾಲು, ಮನೆಯ ಪದ್ಧತಿಗೆ ಹೊಂದಿದರೆ ಮೊಟ್ಟೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿದೆ. ಬೆಳೆಯುವ ಮೂಳೆಗೆ ಅದು ಬೇಕು. ಬೇಕಾದುದು ಹೊಟ್ಟೆ ತುಂಬ ಉಣ್ಣುವುದು. ತೆಳ್ಳಗಾದರೆ ವೇಗವಾಗಿ ಓಡಬಹುದೆಂದು ಎಷ್ಟೋ ಹುಡುಗಿಯರು ಅರೆಹೊಟ್ಟೆಯಲ್ಲಿರುತ್ತಾರಂತೆ. ಹಾಗೆ ಮಾಡಿ ತಿಂಗಳ ಋತು ತಪ್ಪತೊಡಗಿದರೆ ಅದು ಮೂಳೆ ಸೊರಗುವುದರ ಮುನ್ಸೂಚನೆ. ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ರಕ್ತದಲ್ಲಿ ಕಬ್ಬಿಣದ ಅಂಶ ಸಾಕಷ್ಟಿದೆಯೆ ಎಂದು ಪರೀಕ್ಷೆ ಮಾಡಿಸಬೇಕು. ಈ ವಯಸ್ಸಿನವರಿಗೆ ನಿದ್ದೆ ಎಂಟರಿಂದ ಹತ್ತು ಗಂಟೆ. ಇವೆಲ್ಲವೂ ನನ್ನ ೧೯೯೪ರ ಪಟ್ಟಿಯಲ್ಲಿ ಒಂದು ಸಾಲಿನಷ್ಟೂ ಇರಲಿಲ್ಲ.

ನೋಟುಪುಸ್ತಕದ ಬಲಗಡೆ ನಾನೊಂದು ಬರಿಯ ಅಂಕಣವನ್ನು ಬಿಟ್ಟೆನು. ಎದ್ದೊಡನೆ ಹಾಸಿಗೆಯಲ್ಲಿಯೇ ಒಂದು ನಿಮಿಷದ ನಾಡಿಯೆಣಿಕೆ, ನಿದ್ದೆ ಎಷ್ಟು, ಹಸಿವು ಹೇಗೆ, ನೋವು ಎಲ್ಲಿ. ಇವನ್ನು ದಿನವೂ ಅವಳು ಅದರಲ್ಲಿ ಬರೆಯಬೇಕು. ನಾಡಿ ಎರಡು ಮೂರು ದಿನ ಎಂದಿಗಿಂತ ಹೆಚ್ಚಿದರೆ, ಹಸಿವು ಕೆಟ್ಟರೆ, ನೋವು ಒಂದೇ ಜಾಗದಲ್ಲಿ ನಿಂತರೆ, ಎಡಗಡೆಯಲ್ಲಿ ಏನೇ ಬರೆದಿರಲಿ ಬಲಗಡೆಯ ಮಾತೇ ನಡೆಯಬೇಕು. ಉಸ್ತಾದರು ದೀಪದ ಬೆಳಕಿನಲ್ಲಿ ಓದುತ್ತಿದ್ದುದನ್ನು ನಾನು ಹೀಗೆ ಕಾಗದದ ಮೇಲೆ ಹಿಡಿಯಲು ಯತ್ನಿಸಿದೆನು.

ಹದಿನೆಂಟು ವಾರ ಎಲ್ಲವೂ ಸುಗಮವಾಗಿ ನಡೆಯಿತು. ಹುಡುಗಿಯ ಮುಖ ಕಳೆಕಳೆಯಾಗಿತ್ತು, ಓಟವೂ ಹಗುರವಾಗಿತ್ತು. ಆಗಸ್ಟ್ ಕೊನೆಯ ತಾಲ್ಲೂಕು ಕೂಟಕ್ಕೆ ಹನ್ನೆರಡು ದಿನಗಳಿದ್ದಾಗ ನೋಟುಪುಸ್ತಕವನ್ನು ತಿರುವುತ್ತಿದ್ದೆನು. ಬಲಗಡೆಯ ಅಂಕಣದಲ್ಲಿ ನಾಲ್ಕು ದಿನಗಳಿಂದ "ಚೆನ್ನಾಗಿದೆ" ಎಂದಿತ್ತು. ನಾಲ್ಕೂ ಒಂದೇ ಶಾಯಿ, ಒಂದೇ ಓರೆ, ಒಂದೇ ಒತ್ತು. ಕಾಪಿ ಬರೆಯದ ಹುಡುಗರು ರಜೆಯ ಕೊನೆಯ ರಾತ್ರಿ ಹದಿನೈದು ದಿನಗಳದ್ದನ್ನು ಒಟ್ಟಿಗೆ ಬರೆದು ತಂದರೆ ಮೇಷ್ಟರಿಗೆ ತಿಳಿಯುವುದಿಲ್ಲವೆ? ನಾನು ಏನೂ ಹೇಳದೆ ಅವಳನ್ನು ಕೂರಿಸಿ, ಮುಂಗಾಲಿನ ಮೂಳೆಯ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತ ಬಂದೆನು. ಒಂದು ಕಡೆ, ಬೆರಳಗಲದ ಜಾಗದಲ್ಲಿ, ಅವಳು ತುಟಿ ಕಚ್ಚಿದಳು. ಕಣ್ಣಲ್ಲಿ ನೀರು ಬಂದಿತು. ಆಮೇಲೆ ನಿಜ ಹೊರಟಿತು. ಕಳೆದ ಎಂಟು ಭಾನುವಾರಗಳಿಂದ, ಮನೆಯವರು ಏಳುವ ಮುಂಚೆ, ಕೆರೆಯೇರಿಯ ಮೇಲೆ ಒಬ್ಬಳೇ ಓಡುತ್ತಿದ್ದಳು. ಒಂದು ದಿನವೂ ತಪ್ಪಿಸುವುದಿಲ್ಲವೆಂದು ಮೊದಲ ದಿನವೇ ಹೇಳಿದ್ದಳಲ್ಲ!

ವೈದ್ಯರು ಚಿತ್ರ ತೆಗೆಸಿ ನೋಡಿದರು. ಸೀಳು ಕಾಣಲಿಲ್ಲ, ಆದರೆ ಮೊದಮೊದಲು ಅದು ಚಿತ್ರದಲ್ಲಿ ಕಾಣದೆಯೂ ಇರಬಹುದೆಂದು ಹೇಳಿ, ಆರು ವಾರ ಓಟ ಕೂಡದೆಂದರು. ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. "ಈ ಒಂದು ಸಲ ಓಡಿಬಿಡಲಿ ಬಿಡಿ ಮೇಷ್ಟ್ರೇ, ಆಮೇಲೆ ಬೇಕಾದರೆ ಆರು ತಿಂಗಳು ಮಲಗಲಿ" ಎಂದು ಅಜ್ಜಿ ಅಂಗಲಾಚಿದರು. ಮುಂಚೆಯೇ ಹೆಸರು ಹೋಗಿದೆ, ಊರವರೆಲ್ಲರೂ ಕೇಳುತ್ತಾರೆ ಎಂದು ತಂದೆ ನೊಂದುಕೊಂಡರು. ನಾನು ಒಪ್ಪಲಿಲ್ಲ, ಅಧ್ಯಾಪಿಕೆಯವರೂ ಒಪ್ಪಲಿಲ್ಲ. ಹುಡುಗಿಯು ನನ್ನೊಡನೆ ಮಾತು ಬಿಟ್ಟಳು. ಕೂಟದ ದಿನ ೮೦೦ ಮೀಟರಿನಲ್ಲಿ ಯಾರೋ ಗೆದ್ದರು.

ಆ ವಾರ ಜಗಲಿಯಲ್ಲಿ ಒಬ್ಬನೇ ಕುಳಿತು ಯೋಚಿಸಿದೆನು. ತಪ್ಪು ಹುಡುಗಿಯದೊಂದೇ ಅಲ್ಲ. ಭಾನುವಾರದ ಎದುರಿಗೆ "ಅನಧ್ಯಾಯ" ಎಂದು ಬರೆದುಕೊಟ್ಟೆನೇ ಹೊರತು ಅದು ಏಕೆಂಬುದನ್ನು ಅವಳಿಗೆ ಮನಮುಟ್ಟುವಂತೆ ಹೇಳಿರಲಿಲ್ಲ. ವಾಗ್ಭಟನನ್ನು ಹೇಳಿದ್ದೆನು, ಸಿಂಹ ಆನೆಗಳನ್ನು ಹೇಳಿದ್ದೆನು; ಹೇಳಬೇಕಾದ ಒಂದನ್ನು ಮಾತ್ರ ನನ್ನ ಮಾನವನ್ನು ಕಾಪಾಡಿಕೊಳ್ಳುವ ಸಲುವಾಗಿ ನುಂಗಿಕೊಂಡಿದ್ದೆನು. ಮರುದಿನ ಅವರ ಮನೆಗೆ ನಾನೇ ಹೋಗಿ, ಎಲ್ಲರ ಎದುರಿಗೆ, ೧೯೯೪ರ ಕಥೆಯನ್ನು ಸುಭಾಷಿತದ ಸಮೇತವಾಗಿ ಹೇಳಿದೆನು. ಹುಡುಗಿಯ ಮೌನ ಮುರಿಯಿತು. "ಆ ಅಣ್ಣ ಈಗ ಎಲ್ಲಿದ್ದಾರೆ?" ಎಂದು ಕೇಳಿದಳು.

ಅವನು ಹತ್ತು ಮೈಲಿಯಾಚೆಯ ಸಂತೆಯೂರಿನಲ್ಲಿ ಸೈಕಲ್ ರಿಪೇರಿಯ ಅಂಗಡಿಯಿಟ್ಟುಕೊಂಡಿದ್ದಾನೆ, ನಲವತ್ತೈದು ದಾಟಿದವನು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಆ ಬೀದಿಯಲ್ಲಿ ಹೋಗುವಾಗ ಮತ್ತೊಂದು ಪಕ್ಕದಲ್ಲಿ ನಡೆಯುತ್ತಿದ್ದೆನು. ಒಂದು ಸಂಜೆ ಹುಡುಗಿಯನ್ನೂ ಅವಳ ತಂದೆಯನ್ನೂ ಕರೆದುಕೊಂಡು ಹೋದೆನು. ಅವನು ಕೈಯ ಮಸಿಯನ್ನು ಒರೆಸಿಕೊಂಡು ಎದ್ದು, ಕಾಲಿಗೆರಗಲು ಬಗ್ಗಿದನು. ನಾನು ತಡೆದು, ಹೇಳಬೇಕಾದುದನ್ನು ಹೇಳಿದೆನು. ಆ ದಿನ "ನಿಲ್ಲು" ಎನ್ನಬೇಕಾಗಿದ್ದವನು ನಾನು; ಅನ್ನಲಿಲ್ಲ; ಕ್ಷಮಿಸಬೇಕು ಎಂದೆನು. ಅವನು ಬಹಳ ಹೊತ್ತು ಒಂದು ಚಕ್ರದ ಕಡ್ಡಿಗಳನ್ನು ಸುಮ್ಮನೆ ತಿರುಗಿಸುತ್ತಿದ್ದನು. ಬಳಿಕ, "ಬಿಡಿ ಮೇಷ್ಟ್ರೇ, ಆವತ್ತು ನೀವು ನಿಲ್ಲು ಅಂದಿದ್ರೂ ನಾ ನಿಲ್ತಿರ್ಲಿಲ್ಲ" ಎಂದನು. ಅನಂತರ ಹುಡುಗಿಯ ಕಡೆ ತಿರುಗಿ, "ನೀನು ನಿಲ್ಲವ್ವ" ಎಂದನು.

ಅವನು ನನ್ನನ್ನು ಕ್ಷಮಿಸಿದನೋ, ಅಥವಾ ಹಳೆಯ ಮೇಷ್ಟರ ಮನಸ್ಸು ನೋಯಬಾರದೆಂದು ಆಡಿದನೋ, ನಾನು ಕೇಳಲಿಲ್ಲ. ಅವನು ನಿಲ್ಲುತ್ತಿರಲಿಲ್ಲವೆಂಬುದು ನಿಜವೇ ಇರಬಹುದು. ಹದಿನಾಲ್ಕು ಹದಿನೈದರ ಮಕ್ಕಳಿಗೆ ನಿಲ್ಲುವುದು ತಿಳಿಯದು. ಅದಕ್ಕಾಗಿಯೇ ಪಕ್ಕದಲ್ಲಿ ಒಬ್ಬ ದೊಡ್ಡವನಿರುವುದು. ಮಕ್ಕಳಿಗೆ ಆಟಗಳಲ್ಲಿ ಶಿಕ್ಷಣ ಕೊಡಿಸುತ್ತಿರುವ ಗೃಹಸ್ಥರು ನಮ್ಮ ವಾಚಕರಲ್ಲಿ ಅನೇಕರಿದ್ದೀರಿ. ಶಿಕ್ಷಕರು ಬರೆದುಕೊಟ್ಟ ಪಟ್ಟಿಯನ್ನು ಒಮ್ಮೆ ತರಿಸಿ ನೋಡಿರಿ. ಎಷ್ಟು ಓಡಿಸುತ್ತಾರೆಂಬುದನ್ನು ಆಮೇಲೆ ನೋಡುವಿರಂತೆ. ಅನಧ್ಯಾಯವೆಲ್ಲಿದೆಯೆಂದು ಮೊದಲು ಹುಡುಕಿರಿ. ಮಗುವು ತನ್ನ ನೋವನ್ನು ಹೆದರದೆ ಹೇಳಿಕೊಳ್ಳುವುದಕ್ಕೆ ಅದರಲ್ಲಿ ಒಂದು ಬರಿಯ ಅಂಕಣವಿದೆಯೆ ಎಂದೂ ನೋಡಿರಿ.

ಹುಡುಗಿಯು ಈಗ ಮತ್ತೆ ಓಡುತ್ತಿದ್ದಾಳೆ. ಆರು ವಾರ ಈಜಿ, ಬಳಿಕ ನಡೆದು, ಒಂದೊಂದು ನಿಮಿಷ ಓಡಿ ನಡೆದು, ಮೆಲ್ಲಮೆಲ್ಲನೆ ಮೊದಲಿನ ಹದಕ್ಕೆ ಬಂದಿದ್ದಾಳೆ. ಮುಂದಿನ ಆಗಸ್ಟಿನಲ್ಲಿ ಗೆಲ್ಲುವಳೆ? ಗೊತ್ತಿಲ್ಲ. ಮೊನ್ನೆ ಸೋಮವಾರ ನೋಟುಪುಸ್ತಕವನ್ನು ತಂದು ನನ್ನ ಮುಂದಿಟ್ಟಳು. ಭಾನುವಾರದ ಎದುರಿಗೆ ಬಲಗಡೆಯ ಅಂಕಣದಲ್ಲಿ, "ಅನಧ್ಯಾಯ. ಓಡಬೇಕೆಂದು ತುಂಬಾ ಆಸೆಯಾಯಿತು, ಓಡಲಿಲ್ಲ" ಎಂದು ಬರೆದಿದ್ದಳು. ಕನ್ನಡಕ ಹಾಕಿಕೊಂಡು ಅಕ್ಷರಗಳನ್ನು ಪರೀಕ್ಷಿಸಿದೆನು. ಶನಿವಾರದ ಶಾಯಿಯೇ ಬೇರೆ, ಭಾನುವಾರದ ಶಾಯಿಯೇ ಬೇರೆ. ಆ ದಿನದ ಬರಹ ಆ ದಿನದ್ದೇ ಆಗಿತ್ತು.